ಅಮ್ಮನ ಹದಿನೈದು ಗಂಟು: ಕ್ರಿಸ್‌ಮಸ್ ನಕ್ಷತ್ರದಿಂದ ಒಂದು ಗಣಿತ ಪಾಠ

ತರಗತಿ: 8. ವಿಷಯ: ಗಣಿತ. ಘಟಕ: ಬಹುಮುಖ ಘನಾಕೃತಿಗಳು. ಅವಧಿ: 40 ನಿಮಿಷಗಳ ಎರಡು ಅವಧಿ. ಬೋಧನೋಪಕರಣ: ಬಿದಿರಿನ ಕಡ್ಡಿ, ನೂಲು, ಬಣ್ಣದ ಕಾಗದ. ಸಂಪನ್ಮೂಲ ವ್ಯಕ್ತಿ: ನನ್ನ ಅಮ್ಮ.

ಅಭ್ಯಾಸ ಬೋಧನೆಯ ಪಾಠಯೋಜನೆಯಲ್ಲಿ ಹೀಗೆ ಬರೆದು ಒಪ್ಪಿಸಿದಾಗ ಮಾರ್ಗದರ್ಶಕರು ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, "ಇವರು ಬರುವುದು ಅಲಂಕಾರಕ್ಕೋ, ಗಣಿತಕ್ಕೋ?" ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಮನೆಯ ಕೈಕೆಲಸವನ್ನು ತರಗತಿಗೆ ತಂದಾಗ ಅದು ಸಾಮಾನ್ಯವಾಗಿ ಪಾಠದ ಮೊದಲ ಐದು ನಿಮಿಷ ಮಕ್ಕಳ ಗಮನ ಸೆಳೆದು, ಆಮೇಲೆ ಕಿಟಕಿಯ ಪಕ್ಕ ತೂಗಾಡುತ್ತಾ ಉಳಿಯುತ್ತದೆ. ಪಾಠ ಮತ್ತೆ ಕಪ್ಪುಹಲಗೆಯ ಮೇಲೆಯೇ ನಡೆಯುತ್ತದೆ. ಹಾಗಾಗದಂತೆ ಯೋಜಿಸಿದ ಪಾಠವೊಂದರ ವಿವರ ಇಲ್ಲಿದೆ. ಅದಕ್ಕೂ ಮೊದಲು ಆ ನಕ್ಷತ್ರವನ್ನು ಕಟ್ಟುವ ಬಗೆ ಹೇಳಬೇಕು.

ನಕ್ಷತ್ರ ಕಟ್ಟುವ ಬಗೆ

ದಕ್ಷಿಣ ಕನ್ನಡದ ಕ್ಯಾಥೊಲಿಕ್ ಮನೆಗಳಲ್ಲಿ ಡಿಸೆಂಬರ್ ಎಂದರೆ ಕೈಗೆ ಬಿಡುವಿಲ್ಲದ ತಿಂಗಳು. ಒಳಗೆ ಕುಸ್ವಾರಿನ ನೆವ್ರಿ, ಕಿಡಿಯೊ, ಜಗಲಿಯಲ್ಲಿ ಗೋದಲಿ, ಅಂಗಳದಲ್ಲಿ ನಕ್ಷತ್ರ. ನಮ್ಮ ಮನೆಯಲ್ಲಿ ಗೋದಲಿ ಅಪ್ಪನದ್ದು, ನಕ್ಷತ್ರ ಅಮ್ಮನದ್ದು ಮತ್ತು ನನ್ನದು. ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಮಡಚುವ ನಕ್ಷತ್ರ ಸಿಗುತ್ತದೆ; ಬೆಲೆಯೂ ಹೆಚ್ಚೇನಿಲ್ಲ. ನಾವು ಕೊಳ್ಳದಿರುವುದಕ್ಕೆ ದೊಡ್ಡ ತತ್ವ ಯಾವುದೂ ಇಲ್ಲ, ನಮಗಿಬ್ಬರಿಗೂ ಆ ಕೆಲಸ ಇಷ್ಟ, ಅಷ್ಟೇ. ರಾತ್ರಿ ಊಟವಾಗಿ ಪಾತ್ರೆ ತೊಳೆದ ಮೇಲೆ ಅಮ್ಮ ಚಾಪೆ ಹಾಸಿ ಬಿದಿರಿನ ಸೀಳುಗಳನ್ನು ಹೆರೆಯಲು ಕೂರುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ನಾವಿಬ್ಬರು ಆಡುವ ಮಾತೆಲ್ಲ ಪರೀಕ್ಷೆ, ಬಸ್ಸು, ಔಷಧಿ. ಆ ಚಾಪೆಯ ಮೇಲೆ ಮಾತ್ರ ಬೇರೆ ಮಾತು ಬರುತ್ತದೆ, ಅಥವಾ ಮಾತೇ ಬೇಕಾಗುವುದಿಲ್ಲ.

ಒಂದೇ ಅಳತೆಯ ಹತ್ತು ಕಡ್ಡಿ ಬೇಕು. ಐದು ಕಡ್ಡಿಗಳ ತುದಿಗಳನ್ನು ಜೋಡಿಸಿ ಕಟ್ಟಿದರೆ ಐದು ಮೂಲೆಯ ಒಂದು ಚೌಕಟ್ಟು. ಅಂಥ ಎರಡು ಚೌಕಟ್ಟುಗಳನ್ನು ಒಂದರ ಮೇಲೊಂದಿಟ್ಟು ಐದೂ ತುದಿಗಳನ್ನು ಒಟ್ಟಿಗೆ ಬಿಗಿಯಬೇಕು. ಬಳಿಕ ಮಧ್ಯದಲ್ಲಿ ಕಡ್ಡಿಗಳು ಒಂದನ್ನೊಂದು ದಾಟುವ ಐದು ಜಾಗಗಳಲ್ಲಿ, ಹಿಂದಿನ ಚೌಕಟ್ಟಿಗೂ ಮುಂದಿನದಕ್ಕೂ ನಡುವೆ, ನಾಲ್ಕು ಬೆರಳಗಲದ ಗಿಡ್ಡ ತುಂಡು ಕೊಟ್ಟು ಕಟ್ಟುವುದು. ಆಗ ಚಪ್ಪಟೆಯಾಗಿದ್ದದ್ದು ಉಬ್ಬಿ ನಿಲ್ಲುತ್ತದೆ. ಒಳಗೆ ಬಲ್ಬ್ ಇಡಲು ಜಾಗವಾಗುತ್ತದೆ. ಕಾಗದ ಅಂಟಿಸಲು ಮೈದಾ ಅಂಟು. ಹುಳ ತಿನ್ನದಿರಲಿ ಎಂದು ಅಮ್ಮ ಅದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಾರೆ. (ಅದು ತಾಮ್ರದ ಸಲ್ಫೇಟ್, ವಿಷ. ತರಗತಿಗೆ ಬರಿಯ ಮೈದಾ ಅಂಟು ಸಾಕು.)

ಐದು ಕಡ್ಡಿಗಳ ತುದಿಗಳನ್ನಷ್ಟೇ ಕಟ್ಟಿದ ಚೌಕಟ್ಟು ಅತ್ತಿತ್ತ ವಾಲಾಡುತ್ತದೆ. ಅದನ್ನು ಸರಿಯಾದ ನಕ್ಷತ್ರಕ್ಕೆ ತರುವುದಕ್ಕೆ ಅಮ್ಮನ ಬಳಿ ಕೋನಮಾಪಕವಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಅವರ ಅಮ್ಮನ ಕಾಲದ ಒಂದು ನೂಲಿದೆ. ಅದರ ಒಂದು ಕೊನೆಯಿಂದ ಮೊದಲ ಗಂಟಿನವರೆಗಿನ ಅಳತೆ ಪಕ್ಕಪಕ್ಕದ ಎರಡು ತುದಿಗಳ ಅಂತರಕ್ಕೆ. ಎರಡನೇ ಗಂಟಿನವರೆಗಿನದ್ದು ಕಡ್ಡಿಯ ಉದ್ದಕ್ಕೆ. ಐದೂ ಅಂತರ ನೂಲಿಗೆ ಸಮವಾದ ಮೇಲೆಯೇ ನಡುವಿನ ಗಂಟುಗಳನ್ನು ಬಿಗಿಯುವುದು. ನಾನು ಅಳೆದು ನೋಡಿದೆ: 37.5 ಸೆಂ.ಮೀ. ಮತ್ತು 61 ಸೆಂ.ಮೀ. ಭಾಗಿಸಿದರೆ ಸುಮಾರು 1.63. ಸಮಪಂಚಭುಜದ ಕರ್ಣಕ್ಕೂ ಬಾಹುವಿಗೂ ಇರುವ ಅನುಪಾತ ಸುಮಾರು 1.618, ಅಂದರೆ ಸುವರ್ಣ ಅನುಪಾತ. ಏಳನೇ ತರಗತಿಗೆ ಶಾಲೆ ಬಿಟ್ಟು, "ನನಗೆ ಲೆಕ್ಕ ತಲೆಗೆ ಹತ್ತುವುದಿಲ್ಲ" ಎಂದು ಇಂದಿಗೂ ಹೇಳುವ ಹೆಂಗಸಿನ ಡಬ್ಬಿಯಲ್ಲಿ ಅದು ಗಂಟು ಹಾಕಿಕೊಂಡು ಕೂತಿತ್ತು.

ಅಮ್ಮ ನನಗೆ ಇದನ್ನು ಹೇಳಿಕೊಟ್ಟ ನೆನಪಿಲ್ಲ. ನಾನು ಚಿಕ್ಕವಳಿದ್ದಾಗ ನಾಲ್ಕು ಮೂಲೆ ತಾವು ಕಟ್ಟಿ ಐದನೆಯದನ್ನು ನನಗೆ ಬಿಡುತ್ತಿದ್ದರು. ಮರುವರ್ಷ ಎರಡು, ಆಮೇಲೆ ಒಂದು ಇಡೀ ಚೌಕಟ್ಟು. ವುಡ್, ಬ್ರೂನರ್ ಮತ್ತು ರಾಸ್ 1976ರ ತಮ್ಮ ಲೇಖನದಲ್ಲಿ, ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವಾಗ ದೊಡ್ಡವರು ಕೊಡುವ ನೆರವನ್ನು ಕಟ್ಟಡದ ಸಾರುವೆಗೆ ಹೋಲಿಸಿದರು. ಬಿ.ಎಡ್. ಮೊದಲ ಸೆಮಿಸ್ಟರಿನಲ್ಲಿ ಅದನ್ನು ಓದುವಾಗ ನನಗೆ ಕಣ್ಣಿಗೆ ಕಟ್ಟಿದ್ದು ಮರದ ತುಂಡುಗಳಲ್ಲ, ಬಿಟ್ಟುಕೊಟ್ಟ ಆ ಐದನೇ ಮೂಲೆ.

ಮೊದಲ ಅವಧಿ

ಮಕ್ಕಳ ಪೂರ್ವಜ್ಞಾನ: ಘನ, ಆಯತಘನ, ಪಿರಮಿಡ್‌ಗಳ ಮುಖ, ಅಂಚು, ಶೃಂಗಗಳನ್ನು ಎಣಿಸಬಲ್ಲರು. ಹಿಂದಿನ ದಿನ ಆಯ್ಲರನ ಸೂತ್ರವನ್ನು ಕೋಷ್ಟಕದಲ್ಲಿ ತಾಳೆ ನೋಡಿದ್ದರು: ಶೃಂಗಗಳು ಮತ್ತು ಮುಖಗಳನ್ನು ಕೂಡಿಸಿ ಅಂಚುಗಳನ್ನು ಕಳೆದರೆ 2.

ಚೂರಿಯ ಕೆಲಸ ತರಗತಿಯಲ್ಲಿ ಬೇಡವೆಂದು ಕಡ್ಡಿಗಳನ್ನು ಮನೆಯಲ್ಲೇ ಹೆರೆದು, ತುದಿ ಮೊಂಡು ಮಾಡಿ ತಂದಿದ್ದೆವು. ನಾಲ್ಕು ಗುಂಪು, ಗುಂಪಿಗೆ ಹತ್ತು ಉದ್ದದ ಕಡ್ಡಿ, ಐದು ಗಿಡ್ಡ ತುಂಡು. ಅಮ್ಮ ತಮ್ಮ ನಕ್ಷತ್ರವನ್ನು ಕಟ್ಟುತ್ತಾ ಹೋದರು, ಮಕ್ಕಳು ನೋಡಿಕೊಂಡು ತಮ್ಮದನ್ನು ಕಟ್ಟಿದರು. ನಾನು ಈ ಅವಧಿಯಲ್ಲಿ ಹೆಚ್ಚು ಮಾತಾಡಲಿಲ್ಲ. ವಾಲಾಡುವ ಚೌಕಟ್ಟನ್ನು ಹಿಡಿದು, "ನಡುವಿನ ಐದು ಗಂಟು ಹಾಕಿದ ಕೂಡಲೇ ಇದು ಅಲುಗಾಡುವುದು ನಿಂತಿತು, ಯಾಕೆ?" ಎಂದಷ್ಟೇ ಕೇಳಿದೆ. "ಮೂಲೆಗಳು ತ್ರಿಕೋನವಾದವು" ಎಂಬ ಉತ್ತರ ಬಂದದ್ದು ಹಿಂದಿನ ಬೆಂಚಿನಿಂದ.

ಇಲ್ಲಿ ಒಂದು ಮಾತು. ಕ್ರಿಸ್‌ಮಸ್‌ನ ವಸ್ತುವನ್ನು ಎಲ್ಲ ಧರ್ಮದ ಮಕ್ಕಳಿರುವ ತರಗತಿಗೆ ಒಯ್ಯುವುದು ಸರಿಯೇ ಎಂದು ಸಹಪಾಠಿಗಳಲ್ಲಿ ಚರ್ಚೆಯಾಗಿತ್ತು. ತರಗತಿಯಲ್ಲಿ ಅದಕ್ಕೆ ಉತ್ತರ ತಾನಾಗಿ ಸಿಕ್ಕಿತು. ಕಡ್ಡಿ ಕೈಗೆ ಬಂದ ಕೂಡಲೇ ಒಬ್ಬ ಹುಡುಗ, ದೀಪಾವಳಿಗೆ ತನ್ನ ಮಾವ ಗೂಡುದೀಪ ಕಟ್ಟುವುದೂ ಹೀಗೆಯೇ ಎಂದ. ಅವನ ಗಂಟು ಅಮ್ಮನ ಗಂಟಿಗಿಂತ ಬೇರೆ, ಇನ್ನೂ ಬಿಗಿ. ಅಮ್ಮ ಅವನ ಪಕ್ಕ ಕೂತು ಎರಡು ಸಲ ಬಿಚ್ಚಿಸಿ ಅದನ್ನು ಕಲಿತರು. ಬಿದಿರು, ಬಣ್ಣದ ಕಾಗದ, ಒಳಗೊಂದು ಬೆಳಕು: ಕರಾವಳಿಯಲ್ಲಿ ಈ ಕೌಶಲ ಒಂದೇ ಮನೆಯದ್ದಲ್ಲ. ನಕ್ಷತ್ರ ಯಾವ ಹಬ್ಬದ್ದೆಂದು ಮುಚ್ಚಿಡಬೇಕಾಗಿಯೂ ಬರಲಿಲ್ಲ.

ಎರಡನೇ ಅವಧಿ

ಕಾಗದ ಅಂಟಿಸುವ ಮೊದಲು ಅಮ್ಮ ಎರಡು ಪ್ರಶ್ನೆ ಕೇಳಬೇಕೆಂದು ನಾವು ಮನೆಯಲ್ಲೇ ಮಾತಾಡಿಕೊಂಡಿದ್ದೆವು. ಅವು ಅವರ ಕೆಲಸದ ಪ್ರಶ್ನೆಗಳೇ: ಎಷ್ಟು ಗಂಟು ಹಾಕಿದಿರಿ? ಎಷ್ಟು ತುಂಡು ಕಾಗದ ಕತ್ತರಿಸಬೇಕು?

ಗಂಟು ಸುಲಭ. ತುದಿಗಳಲ್ಲಿ 5, ಮುಂದೆ ದಾಟುವ ಕಡೆ 5, ಹಿಂದೆ 5, ಒಟ್ಟು 15. ಕಾಗದಕ್ಕೆ ಹೊತ್ತು ಹಿಡಿಯಿತು. ಪ್ರತಿ ಮೂಲೆಗೆ ಮುಂದೊಂದು, ಹಿಂದೊಂದು, ಎರಡು ಬದಿಗೆ ಸಪೂರದ ಎರಡು, ಹೀಗೆ ನಾಲ್ಕು ತ್ರಿಕೋನ. ಐದು ಮೂಲೆಗೆ 20. ನಡುವಿನ ಪಂಚಭುಜ ಮುಂದೆ ಹಿಂದೆ ಸೇರಿ 2. ಒಟ್ಟು 22. "ಹದಿನೈದು ಗಂಟು, ಇಪ್ಪತ್ತೆರಡು ಕಾಗದ" ಎಂದು ಅಮ್ಮ ಹೇಳಿದರು. ಇದು ಅಜ್ಜಿಯ ಕಾಲದಿಂದ ಅವರ ಬಾಯಲ್ಲಿರುವ ಲೆಕ್ಕ.

ಗಂಟು ಎಂದರೆ ಶೃಂಗ, ಕಾಗದ ಎಂದರೆ ಮುಖ ಎಂದು ಮಕ್ಕಳೇ ಗುರುತಿಸಿದರು. ಹಾಗಾದರೆ ಅಂಚು ಎಷ್ಟು? ಒಂದು ಗುಂಪು 30 ಎಂದು ಬರೆದು, 15 + 22 – 30 = 7 ಬರುತ್ತದೆ, ಸೂತ್ರ ಇದಕ್ಕೆ ಹೊಂದುವುದಿಲ್ಲ ಎಂದಿತು. ಅವರು ಗಿಡ್ಡ ತುಂಡುಗಳನ್ನು ಎಣಿಸಿರಲಿಲ್ಲ. ಅವು ಒಳಗಿನ ಆಧಾರವೆಂದು ವಾದಿಸಿದರು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ಅದರ ಎಡಕ್ಕೆ ಯಾವ ಕಾಗದ ಅಂಟಿಸುತ್ತೀರಿ? ಬಲಕ್ಕೆ ಯಾವುದು?" ಎಂದು ಕೇಳಿದರು. ಎಡಕ್ಕೊಂದು ಸಪೂರ ತ್ರಿಕೋನ, ಬಲಕ್ಕೆ ಪಕ್ಕದ ಮೂಲೆಯ ಇನ್ನೊಂದು. ಎರಡು ಮುಖ ಸೇರುವ ಗೆರೆ ಅಂಚಲ್ಲದೆ ಮತ್ತೇನು? ಅಂಚಿನ ವ್ಯಾಖ್ಯೆಯನ್ನು ಇದಕ್ಕಿಂತ ಚೊಕ್ಕವಾಗಿ ನಾನು ಹೇಳುತ್ತಿರಲಿಲ್ಲ.

ಇನ್ನೊಂದು ಗುಂಪಿನ ಹುಡುಗಿ ಎಣಿಸುವ ಮೊದಲೇ, ಸೂತ್ರದಿಂದ 35 ಆಗಬೇಕು ಎಂದು ಹೇಳಿದ್ದಳು. ಅಮ್ಮ ಇಷ್ಟು ವರ್ಷ ಗಂಟು ಎಣಿಸಿದ್ದರು, ಕಾಗದ ಎಣಿಸಿದ್ದರು. ಕಡ್ಡಿಯ ತುಂಡುಗಳನ್ನು ಎಣಿಸುವ ಅಗತ್ಯ ಬಿದ್ದಿರಲಿಲ್ಲ. ಅವರು ತಮ್ಮ ನಕ್ಷತ್ರವನ್ನು ಮಡಿಲಲ್ಲಿಟ್ಟು ಹೆಬ್ಬೆರಳಿನಿಂದ ಒಂದೊಂದೇ ಮುಟ್ಟುತ್ತಾ ಹೋದರು: ಮೂಲೆಗಳಲ್ಲಿ 20, ಪಂಚಭುಜಗಳಲ್ಲಿ 10, ಗಿಡ್ಡ ತುಂಡು 5. "ಹೌದು, ಮೂವತ್ತೈದು. ಎಣಿಸದೆ ಹೇಗೆ ಗೊತ್ತಾಯಿತು ಮಗಾ?" ಎಂದು ಆ ಹುಡುಗಿಯನ್ನೇ ಕೇಳಿದರು. ಅವಳು ಹಲಗೆಯ ಬಳಿಗೆ ಹೋಗಿ ಸೂತ್ರ ಬರೆದು ವಿವರಿಸಿದಳು. ಅಮ್ಮ ಕೇಳಿದರು, ಮತ್ತೊಮ್ಮೆ ಹೇಳಿಸಿದರು. ಪಾಠಯೋಜನೆಯಲ್ಲಿ 'ಸಂಪನ್ಮೂಲ ವ್ಯಕ್ತಿ' ಎಂದು ಬರೆದಿದ್ದವರು ಆ ಹೊತ್ತಿಗೆ ಎಂಟನೇ ತರಗತಿಯ ವಿದ್ಯಾರ್ಥಿನಿಯಾಗಿದ್ದರು. ಅದೇ ಅವಧಿಯ ಕೊನೆಗೆ, ಕಾಗದ ಸುಕ್ಕಾಗುತ್ತದೆ ಎಂದು ದೂರು ತಂದ ಹುಡುಗ ಅವರನ್ನು ಅಭ್ಯಾಸಬಲದಿಂದ "ಟೀಚರ್" ಎಂದು ಕರೆದ. ಅವರು ನನ್ನ ಕಡೆ ನೋಡಿದರು. ನಾನು ಹಾಜರಿ ಪುಸ್ತಕ ನೋಡುತ್ತಿರುವಂತೆ ಇದ್ದೆ.

ಪಠ್ಯದಲ್ಲಿ ಸೂತ್ರವನ್ನು ಉಬ್ಬಿದ ಘನಾಕೃತಿಗಳ ಉದಾಹರಣೆಯಿಂದ ಹೇಳುತ್ತೇವೆ. ನಕ್ಷತ್ರಕ್ಕೆ ತಗ್ಗುಗಳಿವೆ. ಆದರೂ ಸೂತ್ರ ನಿಲ್ಲುತ್ತದೆ, ಏಕೆಂದರೆ ಇದು ರಬ್ಬರಿನದ್ದಾಗಿದ್ದು ಗಾಳಿ ತುಂಬಿದರೆ ಚೆಂಡಾಗುತ್ತದೆ, ನಡುವೆ ತೂತಿಲ್ಲ. ಚೆನ್ನಾಗಿ ಕಲಿಯುವ ಮಕ್ಕಳಿಗೆ ಇಷ್ಟು ಹೇಳಿ ಬಿಟ್ಟರೆ ಸಾಕು.

ವಿಸ್ತರಣೆಗೆ ಒಂದು ಚಾರಿತ್ರಿಕ ಉದಾಹರಣೆ ಬಳಸಿದೆ. ಜರ್ಮನಿಯ ನೀಸ್ಕಿ ಎಂಬಲ್ಲಿ ಮೊರೇವಿಯನ್ ಪಂಥದವರ ಹುಡುಗರ ಶಾಲೆಯಲ್ಲಿ 1830ರ ದಶಕದಲ್ಲಿ ರೇಖಾಗಣಿತದ ಪಾಠಕ್ಕೆಂದು ಕಾಗದದ ನಕ್ಷತ್ರಗಳನ್ನು ಮಾಡಿಸುತ್ತಿದ್ದರು. ಅದೇ ಮುಂದೆ ಹರ್ನ್‌ಹುಟ್ ನಕ್ಷತ್ರವೆಂದು ಹೆಸರಾಗಿ, ಕ್ರಿಸ್‌ಮಸ್‌ನ ಮುಂಚಿನ ವಾರಗಳಲ್ಲಿ ಮನೆಮನೆಗೆ ಹೋಯಿತು. ಅದರ ಒಡಲು 18 ಚೌಕ, 8 ತ್ರಿಕೋನಗಳ 26 ಮುಖದ ಘನ. ತೂಗುಹಾಕಲು ಒಂದು ಚೌಕ ಬಿಟ್ಟು ಉಳಿದ 25ರ ಮೇಲೂ ಕೊಂಬುಗಳು. ಒಡಲಿನ ಶೃಂಗ 24 ಎಂದು ಕೊಟ್ಟು ಅಂಚು ಕೇಳಿದೆ. 48 ಎಂದು ಬಹುತೇಕ ಎಲ್ಲರೂ ಬರೆದರು. ಅಲ್ಲಿ ನಕ್ಷತ್ರ ಶಾಲೆಯಿಂದ ಮನೆಗೆ ಹೋಗಿತ್ತು; ನಮ್ಮದು ಎದುರು ದಿಕ್ಕಿನಲ್ಲಿ ಬಂತು.

ಮೌಲ್ಯಮಾಪನ

ಬರೆಹದ ಪರೀಕ್ಷೆಗಿಂತ ಮೊದಲು ಮಕ್ಕಳು ಕಾಗದದ ನಕ್ಷತ್ರದ ಐದು ತುದಿಗಳನ್ನು ಹರಿದು ಪಕ್ಕಪಕ್ಕ ಇಟ್ಟರು. ಸರಳರೇಖೆ ಬಂತು: 180 ಡಿಗ್ರಿ, ಒಂದೊಂದು 36. ಬಳಿಕ ಕೇಳಿದ್ದು, ಆರು ಮೂಲೆಯ ನಕ್ಷತ್ರಕ್ಕೆ ಇದೇ ಬಗೆಯಲ್ಲಿ ಗಂಟು, ಕಾಗದ, ಅಂಚು ಎಷ್ಟು ಎಂದು. 18, 26, 42 ಎಂಬ ಉತ್ತರಕ್ಕೆ ಹೆಚ್ಚಿನವರು ಮೂಲೆಯೊಂದಕ್ಕೆ 3, 4, 7 ಸೇರುತ್ತದೆ ಎಂಬ ದಾರಿಯಿಂದ ಬಂದರು. ನಾನು ನಿರೀಕ್ಷಿಸಿದ್ದು ಚಿತ್ರ ಬರೆದು ಎಣಿಸುವುದನ್ನು. ಈ ದಾರಿ ಮೇಲು.

ಇದೇ ಪಾಠ ಮಾಡಬಯಸುವವರಿಗೆ: ಎರಡು ಅವಧಿ ಸಾಲದು, ಮೂರು ಕೇಳಿ ಪಡೆಯಿರಿ, ಕಾಗದ ಅಂಟಿಸುವುದಕ್ಕೇ ಒಂದು ಬೇಕು. ಮನೆಯವರನ್ನು ಕರೆತರುವುದಾದರೆ ಅವರು ಮಾಡಿ ತೋರಿಸುವುದಕ್ಕೆ ಮಾತ್ರ ಅಲ್ಲ, ಪ್ರಶ್ನೆ ಕೇಳುವುದಕ್ಕೂ ಜಾಗ ಇಡಿ. ನನ್ನ ಗೆಳತಿಯೊಬ್ಬಳು ಚಾಪೆ ಹೆಣೆಯುವ ತನ್ನ ಅಜ್ಜಿಯೊಂದಿಗೆ ಹೀಗೆಯೇ ಸಮಮಿತಿಯ ಪಾಠ ಯೋಜಿಸುತ್ತಿದ್ದಾಳೆ.

ಅಮ್ಮನಿಗೆ ಈಗ ಏಳು ಮೂಲೆಯ ನಕ್ಷತ್ರ ಬೇಕಂತೆ. ಏಳು ಕಡ್ಡಿಗಳಿಂದ ಅದನ್ನು ಎರಡು ಬಗೆಯಲ್ಲಿ ಕಟ್ಟಬಹುದು: ಪ್ರತಿ ಕಡ್ಡಿ ಒಂದು ತುದಿಯನ್ನು ಬಿಟ್ಟು ಮುಂದಿನದಕ್ಕೆ ಹೋಗುವಂತೆ, ಇಲ್ಲವೇ ಎರಡನ್ನು ಬಿಟ್ಟು ಹೋಗುವಂತೆ. 60 ಸೆಂ.ಮೀ. ಕಡ್ಡಿಗೆ ಮೊದಲನೆಯದರಲ್ಲಿ ತುದಿಗಳ ಅಂತರ ಸುಮಾರು 33.3 ಸೆಂ.ಮೀ., ಎರಡನೆಯದರಲ್ಲಿ 26.7 ಸೆಂ.ಮೀ. ತ್ರಿಕೋನಮಿತಿಯಿಂದ ಲೆಕ್ಕ ಮಾಡಿ ಕೊಟ್ಟಿದ್ದೇನೆ. ಎರಡಕ್ಕೂ ಹೊಸ ನೂಲು ತೆಗೆದು ಗಂಟು ಹಾಕಿ ಡಬ್ಬಿಯಲ್ಲಿಟ್ಟಿದ್ದಾರೆ.