ಜಾತ್ರೆಯ ದಿನಕ್ಕಲ್ಲ, ಶಾಲೆಯ ದಿನಕ್ಕೆ ಕಾರು

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಮನೆ ಬಸವನ ಬಾಗೇವಾಡಿಯಲ್ಲಿ. ಶಾಲೆ ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮನೆಯಿಂದ 22 ಕಿ.ಮೀ. ಬಸ್ಸು ಕ್ರಾಸಿಗೆ ಇಳಿಸಿ ಹೋಗುತ್ತದೆ. ಅಲ್ಲಿಂದ ಮೂರು ಕಿ.ಮೀ. ನಡೆಯಬೇಕು, ಇಲ್ಲವೇ ಯಾರದಾದರೂ ಬೈಕ್ ಕಾಯಬೇಕು. ಸಂಜೆಯ ಬಸ್ಸು ತಪ್ಪಿದರೆ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತದೆ. ತವರು ಇಂಡಿ ತಾಲ್ಲೂಕು, ನಾದಿನಿಯ ಮನೆ ಸಿಂದಗಿ. ಅತ್ತೆಯವರಿಗೆ ಮೊಣಕಾಲು ನೋವು, ತಿಂಗಳಿಗೆ ಎರಡು ಸಲ ವಿಜಯಪುರದ ದವಾಖಾನೆಗೆ ಕರೆದುಕೊಂಡು ಹೋಗಬೇಕು. ಯಜಮಾನರದು ಸಣ್ಣ ಬಟ್ಟೆ ಅಂಗಡಿ. ಕೈಯಲ್ಲಿ ಒಂದೂವರೆ ಲಕ್ಷ ಇದೆ, ಐದು ಲಕ್ಷ ಸಾಲ ಮಾಡಬಹುದು. ಸಣ್ಣ ಕಾರು ಕೊಳ್ಳೋಣ ಎಂದರೆ ಮೈದುನ ಸೊಲ್ಲಾಪುರದ ಹಳೆಯ ಡೀಸೆಲ್ ದೊಡ್ಡ ಗಾಡಿ ತೋರಿಸುತ್ತಾನೆ, ಸಹೋದ್ಯೋಗಿಗಳು ಸಿಎನ್‌ಜಿ ಅನ್ನುತ್ತಾರೆ, ಅಣ್ಣನ ಮಗ ಕರೆಂಟಿನ ಕಾರೇ ಬೇಕು ಅನ್ನುತ್ತಾನೆ. ನಮ್ಮದು ಬಾಡಿಗೆ ಮನೆ, ಗಾಡಿ ನಿಲ್ಲಿಸುವುದು ಓಣಿಯ ತುದಿಯ ಬೇವಿನ ಮರದ ಕೆಳಗೆ. ಯಾವುದು ಕಡಿಮೆ ಖರ್ಚಿನದು, ದಾರಿ ತೋರಿಸಿರಿ.

— ಒಬ್ಬ ಶಿಕ್ಷಕಿ, ಬಸವನ ಬಾಗೇವಾಡಿ

ತಂಗಿ, ನಿಮ್ಮ ಪತ್ರ ಓದಿ ಮೊದಲು ನೆನಪಾದದ್ದು ಕಾರಲ್ಲ, ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಅದಕ್ಕಿಂತ ಕಡಿಮೆ ಖರ್ಚಿನ ಗಾಡಿಯನ್ನು ಯಾರೂ ತಯಾರಿಸಲಾರರು. ಆದ್ದರಿಂದ ನೀವು ಕಾರು ಕೊಳ್ಳುತ್ತಿರುವುದು ಹಣ ಉಳಿಸಲು ಅಲ್ಲ ಎಂಬುದನ್ನು ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಳ್ಳಿ. ಕ್ರಾಸಿನಿಂದ ಶಾಲೆಯವರೆಗಿನ ಆ ಮೂರು ಕಿ.ಮೀ., ಏಪ್ರಿಲ್ ತಿಂಗಳ ಬಿಸಿಲು, ಸಂಜೆಯ ಕತ್ತಲು, ಅತ್ತೆಯವರ ಮೊಣಕಾಲು, ಇವುಗಳಿಗಾಗಿ ನೀವು ಹಣ ಕೊಡುತ್ತಿದ್ದೀರಿ. ಕೊಡಬೇಕಾದ ಹಣವೇ ಅದು, ಅದರಲ್ಲಿ ನನಗೆ ಸಂಶಯವಿಲ್ಲ. ಎಷ್ಟು ಎಂಬುದಷ್ಟೇ ಲೆಕ್ಕ.

ಆ ಲೆಕ್ಕ ಮಾಡೋಣ. ದಿನಕ್ಕೆ 44 ಕಿ.ಮೀ., ಶಾಲೆಯ ದಿನಗಳ ಜೊತೆ ದವಾಖಾನೆ, ತವರು, ಸಿಂದಗಿ ಸೇರಿದರೆ ವರ್ಷಕ್ಕೆ 15,000 ಕಿ.ಮೀ. ಹಿಡಿಯಬಹುದು. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದುಕೊಳ್ಳಿ. ಲೀಟರಿಗೆ 20 ಕಿ.ಮೀ. ಕೊಡುವ ಕಾರಿಗೆ ವರ್ಷಕ್ಕೆ 750 ಲೀಟರ್, ಸುಮಾರು 77 ಸಾವಿರ. 22 ಕೊಡುವ ಕಾರಿಗೆ 682 ಲೀಟರ್, ಸುಮಾರು 70 ಸಾವಿರ. ನಡುವಿನ ವ್ಯತ್ಯಾಸ ವರ್ಷಕ್ಕೆ ಏಳು ಸಾವಿರ, ತಿಂಗಳಿಗೆ ಆರುನೂರೂ ಇಲ್ಲ. ಆ ಎರಡು ಕಿ.ಮೀ. ಸಲುವಾಗಿ ಮನೆಯಲ್ಲಿ ಎಷ್ಟು ವಾದ ನಡೆದಿರಬೇಕು!

ಈಗ ಸಾಲ ನೋಡಿ. ಐದು ಲಕ್ಷವನ್ನು ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು 10,380 ರೂಪಾಯಿ, ಒಟ್ಟು ಬಡ್ಡಿ 1.23 ಲಕ್ಷ. ಕಂತು ಹಗುರಾಗಲಿ ಎಂದು ಏಳು ವರ್ಷಕ್ಕೆ ಎಳೆದರೆ ಕಂತು 8,045ಕ್ಕೆ ಇಳಿಯುತ್ತದೆ, ಬಡ್ಡಿ ಮಾತ್ರ 1.76 ಲಕ್ಷಕ್ಕೆ ಏರುತ್ತದೆ. 53 ಸಾವಿರ ಹೆಚ್ಚು. ಮೈಲೇಜಿನಲ್ಲಿ ವರ್ಷಕ್ಕೆ ಏಳೇಳು ಸಾವಿರ ಉಳಿಸುತ್ತ ಹೋದರೂ ಇದನ್ನು ತುಂಬಲು ಏಳು ವರ್ಷ ಮೀರುತ್ತದೆ. ಹಾಗಾಗಿ ಮಾರಾಟಗಾರರ ಬಳಿ ಮೈಲೇಜ್ ಕೇಳುವ ಮೊದಲು ಬ್ಯಾಂಕಿನವರ ಬಳಿ ಬಡ್ಡಿ ಕೇಳಿ. ಐದು ವರ್ಷದ ಕಂತು ಕಟ್ಟಲು ಆಗದಿದ್ದರೆ ಕಾರು ಒಂದು ಮೆಟ್ಟಿಲು ಕೆಳಗಿನದಾಗಲಿ, ಸಾಲ ಉದ್ದವಾಗುವುದು ಬೇಡ.

ಕಂಪನಿಯವರು ಹೇಳುವ ಮೈಲೇಜನ್ನೂ ಇದ್ದಂತೆ ನಂಬಬೇಡಿ. ವ್ಯಾಗನ್‌ಆರ್ ಒಂದು ಲೀಟರ್ ಎಂಜಿನ್ನಿಗೆ 24ರ ಮೇಲೆ, ಸೆಲೆರಿಯೊಗೆ 25ರ ಮೇಲೆ, ಟಿಯಾಗೊಗೆ 20ರ ಆಸುಪಾಸು ಎಂದು ಬರೆದಿರುತ್ತಾರೆ. ಅವೆಲ್ಲ ಪ್ರಯೋಗಾಲಯದಲ್ಲಿ ಅಳೆದ ಅಂಕಿಗಳು. ನಮ್ಮ ಬಿಸಿಲಿಗೆ ಎಸಿ ಹಾಕಿ, ಊರಿಗೆರಡು ಹಂಪು ದಾಟಿ, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಎರಡನೇ ಗೇರಿನಲ್ಲಿ ಹೋದರೆ ಮೂರು ನಾಲ್ಕು ಕಿ.ಮೀ. ಕಳೆದೇ ಲೆಕ್ಕ ಹಾಕಬೇಕು.

ಇನ್ನು ಮೈದುನನ ಡೀಸೆಲ್ ಗಾಡಿ. ಮನೆಯವರು ಪ್ರೀತಿಯಿಂದಲೇ ಹೇಳಿರುತ್ತಾರೆ, ಆದರೂ ಬೇಡವೆನ್ನಿ. ಸೊಲ್ಲಾಪುರದ ಎಂಎಚ್ 13 ನಂಬರಿನ ಗಾಡಿ ನಿಮ್ಮ ಹೆಸರಿಗೆ ವಿಜಯಪುರದ ಕೆಎ 28 ಆಗಬೇಕಾದರೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬರಬೇಕು, ಹಳೆಯ ಸಾಲವಿದ್ದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆಸಬೇಕು, ಕರ್ನಾಟಕದ ಆಜೀವ ತೆರಿಗೆ ಮತ್ತೆ ಕಟ್ಟಬೇಕು. ಈ ಮೂರನ್ನೂ ಬಿಟ್ಟು ‘ಗಾಡಿ ಓಡಿಸುತ್ತಿರಿ, ಆಮೇಲೆ ನೋಡೋಣ’ ಎನ್ನುವವರು ನಮ್ಮ ಗಡಿ ತಾಲ್ಲೂಕುಗಳಲ್ಲಿ ಬಹಳ ಜನ. ಅಪಘಾತವಾದ ದಿನ ಆ ‘ಆಮೇಲೆ’ ಎದುರಿಗೆ ಬಂದು ನಿಲ್ಲುತ್ತದೆ. ಅದರ ಮೇಲೆ ಹಳೆಯ ಡೀಸೆಲ್ ಎಂಜಿನ್ನಿನ ಇಂಜೆಕ್ಟರ್, ಟರ್ಬೊ ಒಮ್ಮೆ ಕೆಟ್ಟರೆ ಒಂದೇ ಬಿಲ್ಲಿಗೆ ನಿಮ್ಮ ಮೂರು ನಾಲ್ಕು ತಿಂಗಳ ಕಂತು ಹೋಗುತ್ತದೆ. ಸೆಕೆಂಡ್ ಹ್ಯಾಂಡೇ ಕೊಳ್ಳುವುದಾದರೆ ಕೆಎ 28ರದ್ದೇ, ಪೆಟ್ರೋಲಿನದ್ದೇ, 2023ರ ಏಪ್ರಿಲ್ ನಂತರ ತಯಾರಾದದ್ದೇ ನೋಡಿ. ಈಗ ಪಂಪುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್, ಆ ನಂತರದ ಗಾಡಿಗಳ ಪೈಪು, ರಬ್ಬರ್ ಅದಕ್ಕೆ ತಕ್ಕಂತೆ ಮಾಡಿದವು.

ಕರೆಂಟಿನ ಕಾರಿನ ಬಗ್ಗೆ ಅಣ್ಣನ ಮಗ ಹೇಳಿದ್ದು ತಪ್ಪಲ್ಲ. ದಿನಕ್ಕೆ 44 ಕಿ.ಮೀ. ಓಡುವವರಿಗೆ ಓಡಿಸುವ ಖರ್ಚು ಅದರಷ್ಟು ಕಡಿಮೆ ಇರುವ ಕಾರು ಇನ್ನೊಂದಿಲ್ಲ. ಆದರೆ ಬೇವಿನ ಮರಕ್ಕೆ ಪ್ಲಗ್ ಇಲ್ಲವಲ್ಲ, ತಂಗಿ. ಸ್ವಂತ ಮನೆ, ಸ್ವಂತ ಮೀಟರ್, ಬಾಗಿಲ ಮುಂದೆ ಜಾಗ, ಇವು ಮೂರೂ ಆದ ಮೇಲೆ ಆ ಮಾತು.

ಸಿಎನ್‌ಜಿ ನಿಮ್ಮ ಸಹೋದ್ಯೋಗಿಗಳಿಗೆ ಸರಿಹೊಂದಿರಬಹುದು. ಅದೇ ಮಾದರಿಯ ಪೆಟ್ರೋಲ್ ಕಾರಿಗಿಂತ ಸುಮಾರು 90 ಸಾವಿರ ಹೆಚ್ಚು ಕೊಡಬೇಕು. ನಿಮ್ಮ ಓಡಾಟಕ್ಕೆ ಅದು ಮರಳಿ ಬರಲು ನಾಲ್ಕು ವರ್ಷವಾದರೂ ಬೇಕು. ನೀವು ದಿನವೂ ಹೋಗುವ ದಾರಿಯಲ್ಲೇ ಪಂಪ್ ಇದ್ದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಗ್ಯಾಸಿಗಾಗಿ ಬೇರೆ ಊರಿಗೆ ಹೋಗಿ ಪಾಳಿ ಹಚ್ಚುವುದಾದರೆ ಉಳಿತಾಯ ಅಲ್ಲೇ ಕರಗುತ್ತದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸಬೇಕು. ಹಲವು ಕಾರುಗಳಲ್ಲಿ ಡಿಕ್ಕಿಯ ಬಹುಭಾಗ ಸಿಲಿಂಡರಿಗೇ ಹೋಗುತ್ತದೆ, ಇಂಡಿಯ ತವರಿನಿಂದ ನಿಂಬೆಹಣ್ಣಿನ ಚೀಲ, ಜೋಳದ ಚೀಲ ಬರುವ ಮನೆಗೆ ಅದೂ ಸಣ್ಣ ಮಾತಲ್ಲ.

ಹಾಗಾದರೆ ಉಳಿಯುವುದು ಸಾದಾ ಪೆಟ್ರೋಲಿನ, ಸಾದಾ ಗೇರಿನ ಸಣ್ಣ ಕಾರು. ಕಾಲವೂ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಆಲ್ಟೊ, ಕ್ವಿಡ್, ಸೆಲೆರಿಯೊ, ವ್ಯಾಗನ್‌ಆರ್, ಟಿಯಾಗೊ ಎಲ್ಲವೂ ಇದರೊಳಗೆ ಬರುತ್ತವೆ. ಆಲ್ಟೊ ಮತ್ತು ಕ್ವಿಡ್ ಹಗುರ ಗಾಡಿಗಳು. ಊರೊಳಗೆ ಓಡಾಡಲು ಒಳ್ಳೆಯವು, ದಿನವೂ 44 ಕಿ.ಮೀ. ಲಾರಿಗಳ ನಡುವೆ ಹೋಗುವ ನಿಮಗೆ ಅವನ್ನು ನಾನು ಹೇಳಲಾರೆ. ನಿಜವಾದ ಆಯ್ಕೆ ವ್ಯಾಗನ್‌ಆರ್ ಮತ್ತು ಟಿಯಾಗೊ ನಡುವೆ.

ವ್ಯಾಗನ್‌ಆರ್ ಬಗ್ಗೆ ಎಲ್ಲರೂ ಒಳ್ಳೆಯ ಮಾತು ಹೇಳುತ್ತಾರೆ, ಅದು ಸುಳ್ಳಲ್ಲ. ಎತ್ತರದ ಸೀಟು, ಅಗಲ ಬಾಗಿಲು, ಯಾವ ಊರಿನ ಮಿಸ್ತ್ರಿಗೂ ಗೊತ್ತಿರುವ ಎಂಜಿನ್. ಒಂದು ಸಾವಿರ ಸಿಸಿಯೊಳಗಿನದಾದ್ದರಿಂದ ಹೊಸ ಕಾರಿಗೆ ಕಡ್ಡಾಯವಾದ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 6,521 ರೂಪಾಯಿ, 1199 ಸಿಸಿಯ ಟಿಯಾಗೊಗೆ 10,640. ಪೆಟ್ರೋಲಿನಲ್ಲೂ ವ್ಯಾಗನ್‌ಆರ್ ಮುಂದು. ಇದು 20 ಕೊಟ್ಟರೆ ಟಿಯಾಗೊ 17 ಕೊಟ್ಟೀತು. ಅಂದರೆ ವರ್ಷಕ್ಕೆ 130 ಲೀಟರ್ ಹೆಚ್ಚು, ತಿಂಗಳಿಗೆ 1,100 ರೂಪಾಯಿ ಚಿಲ್ಲರೆ.

ಆದರೂ ನಾನು ಟಿಯಾಗೊ ಎನ್ನುತ್ತೇನೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ 2019ರಲ್ಲಿ ವ್ಯಾಗನ್‌ಆರ್ ಪಡೆದದ್ದು ಐದಕ್ಕೆ ಎರಡು ನಕ್ಷತ್ರ. ಅದೇ ನಿಯಮಗಳಲ್ಲಿ 2020ರಲ್ಲಿ ಟಿಯಾಗೊಗೆ ಸಿಕ್ಕಿದ್ದು ನಾಲ್ಕು. ನಿಯಮ ಬಿಗಿಯಾದ ಮೇಲೆ 2023ರಲ್ಲಿ ವ್ಯಾಗನ್‌ಆರ್‌ಗೆ ಬಂದದ್ದು ಒಂದೇ ನಕ್ಷತ್ರ, ಮಕ್ಕಳ ಸುರಕ್ಷತೆಗೆ ಸೊನ್ನೆ. 2025ರಲ್ಲಿ ವ್ಯಾಗನ್‌ಆರ್‌ನ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಬಂದವು, ಅದು ಒಳ್ಳೆಯ ಬದಲಾವಣೆ. ಆದರೂ ಕಬ್ಬಿನ ಕಾಲದ ರಾತ್ರಿ, ಹಿಂದೆ ಕೆಂಪು ದೀಪವಿಲ್ಲದ ಟ್ರೇಲರ್ ಒಮ್ಮೆಲೇ ಕಣ್ಣಿಗೆ ಬೀಳುವ ದಾರಿ ನಮ್ಮದು. ನಾನೂ ಅಂಥ ಒಂದು ರಾತ್ರಿ ಸಿಂದಗಿ ರಸ್ತೆಯಲ್ಲಿ ಬ್ರೇಕ್ ತುಳಿದು, ಗಾಡಿ ನಿಂತಾಗ ಎದುರಿನ ಕಬ್ಬಿನ ಗರಿ ಬಾನೆಟ್ಟಿನ ಮೇಲೆ ಒರಗಿದ್ದನ್ನು ನೋಡಿದವಳು. ಆ ದಿನದ ನಂತರ ಸುರಕ್ಷತೆಗೆ ತಿಂಗಳಿಗೆ ಸಾವಿರದ ನೂರು ಹೆಚ್ಚೆಂದು ನನಗೆ ಅನಿಸಿಲ್ಲ. ಬೇರೆ ಎಲ್ಲದರಲ್ಲಿ ಕಡಿಮೆ ಮಾಡಿ, ಇದರಲ್ಲಿ ಬೇಡ.

ಅತ್ತೆಯವರ ಮೊಣಕಾಲಿನ ಮಾತು ಉಳಿಯಿತು. ಟಿಯಾಗೊ ಸೀಟು ತಗ್ಗು, ನಿಜ. ನನ್ನ ತಾಯಿಗೂ ಅದೇ ತೊಂದರೆ. ಮುಂದಿನ ಸೀಟನ್ನು ಪೂರ್ತಿ ಹಿಂದೆ ಸರಿಸಿ, ಬಾಗಿಲು ಅಗಲ ತೆಗೆದು, ಅವರು ಮೊದಲು ರಸ್ತೆಯ ಕಡೆ ಮುಖ ಮಾಡಿ ಸೀಟಿನ ಮೇಲೆ ಕೂಡುತ್ತಾರೆ. ಆಮೇಲೆ ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸುತ್ತಾರೆ. ಒಂದು ಕಾಲು ಮೊದಲು ಒಳಗಿಟ್ಟರೆ ಮಾತ್ರ ನೋವು. ಇಳಿಯುವಾಗಲೂ ಹಾಗೆಯೇ. ತಿಂಗಳಿಗೆ ಎರಡು ಸಲಕ್ಕೆ ಇಷ್ಟು ಸಾಕಾಗಬಹುದು. ಕಾರನ್ನು ವರ್ಷದ ಇನ್ನೂರು ಚಿಲ್ಲರೆ ಶಾಲೆಯ ದಿನಗಳಿಗೆ ಕೊಳ್ಳಬೇಕು, ಶ್ರಾವಣದ ಜಾತ್ರೆಗೆ ಏಳು ಜನ ಕೂಡಬೇಕೆಂದು ದೊಡ್ಡ ಗಾಡಿ ಕೊಳ್ಳುವುದಲ್ಲ. ಆ ದಿನಕ್ಕೆ ಬಾಡಿಗೆ ಗಾಡಿ ಸಿಗುತ್ತದೆ.

ಷೋರೂಮಿಗೆ ಹೋಗುವ ಮೊದಲು ಎರಡು ಕೆಲಸ ಮಾಡಿ. ಶಾಲೆಯ ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಹಂಪಿನ ಹತ್ತಿರ ಇಳಿದು, ಯಜಮಾನರ ಅಂಗಡಿಯ ಟೇಪಿನಿಂದ ಅದರ ಎತ್ತರ ಅಳೆಯಿರಿ. ಟಿಯಾಗೊ ತಳ ನೆಲದಿಂದ 170 ಮಿ.ಮೀ., ನಾಲ್ಕು ಜನ ಕೂತರೆ ಇನ್ನಷ್ಟು ಕೆಳಗೆ ಇಳಿಯುತ್ತದೆ. ಹಂಪು ಆರು ಇಂಚಿನ ಹತ್ತಿರ ಬಂದರೆ ಗಾಡಿಯನ್ನು ಓರೆಯಾಗಿ ನಿಧಾನ ದಾಟಿಸುವುದನ್ನು ರೂಢಿ ಮಾಡಿಕೊಳ್ಳಬೇಕಾಗುತ್ತದೆ. ಎರಡನೆಯದು, ಬಾಗೇವಾಡಿಯ ಇಬ್ಬರು ಮಿಸ್ತ್ರಿಗಳನ್ನು ಕೇಳಿ: ಯಾವ ಕಾರಿನ ಕ್ಲಚ್, ಬ್ರೇಕ್ ಸಾಮಾನು ವಿಜಯಪುರದಿಂದ ಅದೇ ದಿನ ಬರುತ್ತದೆ? ಇಬ್ಬರೂ ಟಿಯಾಗೊ ಸಾಮಾನಿಗೆ ವಾರ ಕಾಯಬೇಕೆಂದರೆ ನನ್ನ ಮಾತು ಬಿಟ್ಟು ವ್ಯಾಗನ್‌ಆರ್ ಕೊಳ್ಳಿ. ಬೆಳಿಗ್ಗೆ ಪ್ರಾರ್ಥನೆಗೆ ಮುಟ್ಟಬೇಕಾದವರ ಗಾಡಿ ಗ್ಯಾರೇಜಿನಲ್ಲಿ ವಾರ ನಿಲ್ಲಬಾರದು.

ಷೋರೂಮಿನಲ್ಲಿ ಒಂದು ಎಚ್ಚರ. ನಾನು ಮೊದಲ ಕಾರು ಕೊಂಡಾಗ ಬಿಲ್ಲಿನಲ್ಲಿ ‘ಅಗತ್ಯ ಕಿಟ್’ ಎಂದು ಮ್ಯಾಟು, ಕವರು, ಪಾಲಿಷ್ ಸೇರಿಸಿ ಸಾವಿರಾರು ರೂಪಾಯಿ ಹಾಕಿದ್ದರು. ಕೇಳಲು ಸಂಕೋಚವಾಗಿ ಕೊಟ್ಟುಬಿಟ್ಟೆ. ನೀವು ಕೇಳಿ, ಬೇಡದ್ದನ್ನು ತೆಗೆಸಿ. ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂದಿಲ್ಲ, ಹೊರಗಿನ ದರವನ್ನೂ ಬರೆಸಿಕೊಂಡು ಹೋಗಿ. ಕರ್ನಾಟಕದ ಆಜೀವ ತೆರಿಗೆ ಐದು ಲಕ್ಷದೊಳಗಿನ ಕಾರಿಗೆ ಶೇ 13, ಐದರಿಂದ ಹತ್ತು ಲಕ್ಷದವರೆಗೆ ಶೇ 14, ಅದರ ಮೇಲೆ ಸೆಸ್. ಬೆಲೆ ಐದು ಲಕ್ಷದ ಗೆರೆ ದಾಟುವಂತಿದ್ದರೆ ಆ ಹೆಚ್ಚಿನ ಸೌಲಭ್ಯ ನಿಮಗೆ ಬೇಕೇ ಎಂದು ನೋಡಿ. ಟಚ್ ಸ್ಕ್ರೀನ್ ಬಿಡಬಹುದು, ಹಿಂದಿನ ವೈಪರ್ ಬಿಡಬೇಡಿ, ನಮ್ಮ ಎರೆಮಣ್ಣಿನ ಧೂಳಿಗೆ ಅದು ಬೇಕು.

ಕಾರು ಬಂದ ಮೇಲೆ ಅದೇ ದಾರಿಯ ಶಿಕ್ಷಕಿಯರು ಜೊತೆಗೆ ಬರಲಿ, ಪೆಟ್ರೋಲನ್ನು ಒಬ್ಬೊಬ್ಬರು ಒಂದೊಂದು ವಾರ ಹಾಕಿಸಲಿ. ತಲೆಗಿಷ್ಟು ಎಂದು ಬಾಡಿಗೆ ಮಾತ್ರ ತೆಗೆದುಕೊಳ್ಳಬೇಡಿ, ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಹೊಡೆದರೆ ಅಪಘಾತದ ದಿನ ವಿಮೆ ಕೈಬಿಡುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ರಾಶಿ ಹಾಕಿದ ಕಡೆ ಹೊಟ್ಟಿನ ಮೇಲೆ ಗಾಡಿ ನಿಲ್ಲಿಸಬೇಡಿ. ಕೆಳಗೆ ಸಿಕ್ಕಿಕೊಂಡ ಒಣಹುಲ್ಲು ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ದಾಟಿದ ಮೇಲೆ ಬಯಲಿನಲ್ಲಿ ನಿಲ್ಲಿಸಿ, ಒಮ್ಮೆ ಬಗ್ಗಿ ನೋಡಿ.

ಕಂತು, ಪೆಟ್ರೋಲ್, ವಿಮೆ, ಸರ್ವಿಸ್ ಎಲ್ಲ ಸೇರಿ ನಿಮಗೆ ತಿಂಗಳಿಗೆ 19 ಸಾವಿರದ ಹತ್ತಿರ ಬರುತ್ತದೆ. ಈ ಅಂಕಿಯನ್ನು ಯಜಮಾನರ ಮುಂದೆ ಇಟ್ಟು, ಮೂರು ತಿಂಗಳು ಅಷ್ಟೇ ಹಣವನ್ನು ಬೇರೆ ಖಾತೆಗೆ ಹಾಕಿ ನೋಡಿ. ಮನೆ ಸರಾಗವಾಗಿ ನಡೆದರೆ ನಾಲ್ಕನೇ ತಿಂಗಳು ಅತ್ತೆಯವರನ್ನೂ ಕರೆದುಕೊಂಡೇ ವಿಜಯಪುರಕ್ಕೆ ಹೋಗಿ, ಗಾಡಿಯನ್ನು ನೀವೇ ಓಡಿಸಿ ನೋಡಿರಿ. ಹಂಪು ಎಷ್ಟು ಇಂಚು ಬಂತೆಂದು ನನಗೆ ಬರೆಯಿರಿ.