ಆ್ಯಪ್ ಕ್ರ್ಯಾಶ್ ವರದಿ ತಾನಾಗಿ ಇಶ್ಯೂ ಟ್ರ್ಯಾಕರಿಗೆ ಹೋಗುವಾಗ: ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ

ವಿಜಯಪುರ ನಗರ, ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರು, ಸೊಸೈಟಿ, ದವಾಖಾನೆ, ಅಡತಿ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆಯುವ ಎಲ್ಲರಿಗೆ.

ಅಪಾಯ

ಕ್ರ್ಯಾಶ್ ವರದಿಯಲ್ಲಿ ದೋಷದ ಸಾಲು ಮಾತ್ರ ಇರುವುದಿಲ್ಲ. ಆ ಕ್ಷಣ ಆ್ಯಪಿನಲ್ಲಿ ತುಂಬಿದ್ದ ಹೆಸರು, ಮೊಬೈಲ್, ಆಧಾರ್, ಬ್ಯಾಂಕ್ ಖಾತೆಯೂ ಅದರ ಜೊತೆ ಹೊರಡಬಹುದು. ಸಾರ್ವಜನಿಕ ಟ್ರ್ಯಾಕರಿನಲ್ಲಿ ಬಿದ್ದರೆ ಯಾರು ಬೇಕಾದರೂ ಓದುತ್ತಾರೆ. ಗಿಟ್‌ಹಬ್ ಇಶ್ಯೂ ತಿದ್ದಿದರೂ ಹಳೆಯ ಪಠ್ಯ ಇತಿಹಾಸದಲ್ಲಿ ಉಳಿಯುತ್ತದೆ; ಇಶ್ಯೂವಿನ ಸೂಚನೆಯ ಇಮೇಲ್ ಆಗಲೇ ಹೋಗಿರುತ್ತದೆ. ವಂಚಕರ ಕೈಗೆ ಸಿಕ್ಕರೆ ರೈತರ ದುಡ್ಡು ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತಾ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೆ ಇದೆ.

ಮಾಡಬೇಕಾದ್ದು

- ವರದಿ ಕಳಿಸುವ ಮೊದಲು ಒಪ್ಪಿಗೆ ಕೇಳಿ.
- ಒಪ್ಪಿಗೆಯನ್ನು ಕನ್ನಡದಲ್ಲಿ ಕೇಳಿ.
- ಹೋಗಲಿರುವ ವರದಿಯನ್ನು ಪೂರ್ತಿ ತೆರೆದು ತೋರಿಸಿ.
- ‘ಕಳಿಸಬೇಡ’ ಗುಂಡಿಯನ್ನು ‘ಕಳಿಸು’ ಗುಂಡಿಯಷ್ಟೇ ದೊಡ್ಡದಾಗಿ ಇಡಿ.
- ಕಳಿಸಬಹುದಾದ್ದರ ಪಟ್ಟಿ ಮಾಡಿ: ಆ್ಯಪ್ ಆವೃತ್ತಿ, ಫೋನ್ ಮಾದರಿ, ಆಂಡ್ರಾಯ್ಡ್ ಆವೃತ್ತಿ, ದೋಷದ ಬಗೆ, ಸ್ಟ್ಯಾಕ್ ಟ್ರೇಸ್, ಖಾಲಿ ಮೆಮೊರಿ.
- ಪಟ್ಟಿಯಲ್ಲಿ ಇಲ್ಲದ್ದನ್ನು ಫೋನಿನಲ್ಲೇ ಅಳಿಸಿ.
- ದೋಷದ ಸಂದೇಶದೊಳಗೆ ನುಸುಳಿದ 10 ಅಂಕಿಯ ಮೊಬೈಲ್, 12 ಅಂಕಿಯ ಆಧಾರ್ ಮುಚ್ಚಿ.
- ಸರ್ವೆ ನಂಬರನ್ನು ಹೆಸರಿನಷ್ಟೇ ಗುಟ್ಟಾಗಿ ಇಡಿ. ಊರು, ಸರ್ವೆ ನಂಬರ್ ಎರಡೂ ಸಿಕ್ಕರೆ ಸರ್ಕಾರದ ಭೂದಾಖಲೆ ತಾಣ ‘ಭೂಮಿ’ಯ ಉತಾರದಲ್ಲಿ ಮಾಲೀಕರ ಹೆಸರು ಯಾರಿಗೆ ಬೇಕಾದರೂ ಕಾಣುತ್ತದೆ.
- ‘145/2ಅ’ ಥರದ ನಂಬರಿಗೆ ಆ್ಯಪ್ ಬಿದ್ದರೆ ಅದರ ಆಕಾರವನ್ನಷ್ಟೇ ಬರೆಸಿ: ಅಂಕಿ, ಓರೆಗೆರೆ, ಅಂಕಿ, ಕನ್ನಡ ಅಕ್ಷರ.
- ತೊಡಕು ಒಂದೇ ಅಕ್ಷರದ್ದಾದರೆ ಅದರ ಯೂನಿಕೋಡ್ ಸಂಖ್ಯೆ ಬರೆಸಿ. ‘ಅ’ಕ್ಕೆ ದಶಮಾನದಲ್ಲಿ 3205.
- ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ವರದಿಯನ್ನು ಫೋನಿನಲ್ಲಿ ಉಳಿಸಿ.
- ಉಳಿಸಿದ್ದನ್ನು ಆ್ಯಪ್ ಮತ್ತೆ ತೆರೆದಾಗ ಕಳಿಸಿ.
- ವರದಿಯನ್ನು ನಿಮ್ಮ ಸರ್ವರಿನ ಮೂಲಕವೇ ಟ್ರ್ಯಾಕರಿಗೆ ದಾಟಿಸಿ.
- ಟ್ರ್ಯಾಕರನ್ನು ಖಾಸಗಿಯಾಗಿ ಇಡಿ.
- ಟೋಕನಿಗೆ ಒಂದೇ ರೆಪೊಸಿಟರಿಯಲ್ಲಿ ಇಶ್ಯೂ ಬರೆಯುವ ಅಧಿಕಾರ ಮಾತ್ರ ಕೊಡಿ.
- ಟೋಕನಿಗೆ ಅವಧಿ ಹಾಕಿ.
- ದೋಷದ ಬಗೆ, ನಿಮ್ಮ ಕೋಡಿನ ಮೊದಲ ಸಾಲುಗಳು ಸೇರಿಸಿ ಪ್ರತಿ ಕ್ರ್ಯಾಶಿಗೆ ಒಂದು ಗುರುತು ಕೊಡಿ.
- ಅದೇ ಗುರುತು ಮರಳಿದರೆ ಹಳೆಯ ಇಶ್ಯೂವಿನ ಎಣಿಕೆ ಏರಿಸಿ.
- ಮುಚ್ಚಿದ ಇಶ್ಯೂ ಹೊಸ ಆವೃತ್ತಿಯಲ್ಲಿ ಮತ್ತೆ ಕಂಡರೆ ಅದನ್ನೇ ತೆರೆಯಿರಿ.
- ಪ್ರತಿ ಬಿಡುಗಡೆಯ ಮ್ಯಾಪಿಂಗ್ ಫೈಲ್ ಕಾಪಿಟ್ಟುಕೊಳ್ಳಿ. ಅದಿಲ್ಲದೆ ಹೆಸರು ಕುಗ್ಗಿಸಿದ ಕೋಡಿನ ಸ್ಟ್ಯಾಕ್ ಟ್ರೇಸ್ ಅರ್ಥವಾಗದು.
- ‘ಬಿಜಾಪುರ’, ‘ವಿಜಯಪುರ’ ಎರಡೂ ಹೆಸರಿನ ದಾಖಲೆ ಹಾಕಿ ಪರೀಕ್ಷಿಸಿ. ಹೆಸರು ಬದಲಾದದ್ದು 2014ರ ನವೆಂಬರ್ 1ರಂದು.
- ತಿಕೋಟಾ, ಬಬಲೇಶ್ವರದ ಊರುಗಳನ್ನು ವಿಜಯಪುರ ತಾಲ್ಲೂಕಿನಡಿ ತೋರಿಸುವ ಹಳೆಯ ದಾಖಲೆ ಹಾಕಿಯೂ ಪರೀಕ್ಷಿಸಿ.
- ಹಳೆಯ ವರದಿ ಅಳಿಸುವ ದಿನ ಗೊತ್ತುಮಾಡಿ.

ಮಾಡಬಾರದ್ದು

- ಎಪಿಕೆಯನ್ನು ಯಾರಾದರೂ ಬಿಚ್ಚಬಹುದು. ಅದರೊಳಗೆ ಟೋಕನ್ ಬೇಡ.
- ಸ್ಕ್ರೀನ್‌ಶಾಟ್ ಬೇಡ.
- ಮೆಮೊರಿ ಡಂಪ್ ಬೇಡ.
- ತೋಟದ ಜಿಪಿಎಸ್ ಗುರುತು ಬೇಡ.
- ರೋಗಿಯ ಹೆಸರು, ರೋಗ, ಔಷಧ ಬೇಡ.
- ಆಧಾರ್ ನಂಬರ್ ಸಾರ್ವಜನಿಕವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಕಾಯ್ದೆಯ 29ನೇ ಕಲಮು ತಡೆಯುತ್ತದೆ. ವರದಿಯಲ್ಲಿ ಅದರ ಕೊನೆಯ 4 ಅಂಕಿಯೂ ಬೇಡ.
- ಒಟಿಪಿ, ಪಾಸ್‌ವರ್ಡ್‌ಗಳನ್ನು ಲಾಗ್ ಮಾಡಬಾರದು.
- ಮೊದಲೇ ಟಿಕ್ ಹಾಕಿದ ಒಪ್ಪಿಗೆ ಬೇಡ.
- ಒಪ್ಪದವರ ಆ್ಯಪ್ ಬಂದ್ ಮಾಡಬಾರದು.
- ಪ್ರತಿ ಕ್ರ್ಯಾಶಿಗೂ ಹೊಸ ಇಶ್ಯೂ ಬೇಡ.
- ಗಿಟ್‌ಹಬ್ ಸಾಮಾನ್ಯವಾಗಿ ನಿಮಿಷಕ್ಕೆ 80, ಗಂಟೆಗೆ 500 ಬರಹಗಳಿಗೆ ಮಿತಿ ಹಾಕುತ್ತದೆ. ಮಿತಿ ತುಂಬಿದ ಮೇಲೆ ಎಡೆಬಿಡದ ಮರುಯತ್ನ ಬೇಡ.
- ಒಂದು ಇಶ್ಯೂವಿನಲ್ಲಿ 65,536 ಅಕ್ಷರ ಮೀರುವ ಪಠ್ಯ ಬೇಡ.
- ರೈತರ ಮೊಬೈಲ್ ಡೇಟಾ ತಿನ್ನುವ ದೊಡ್ಡ ಫೈಲ್ ಬೇಡ.
- ವರದಿ ಕಳಿಸುವ ಕೋಡೇ ಕ್ರ್ಯಾಶ್ ಆದರೆ ಅದರ ವರದಿ ಬೇಡ.
- 2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದೇ ಒತ್ತಕ್ಷರ ಐಒಎಸ್ 11ರ ಆ್ಯಪ್‌ಗಳನ್ನು ಕೆಡವಿತು. ಆ ಅಕ್ಷರ ಪರದೆಗೆ ಬಂದರೆ ಸಾಕಿತ್ತು. ಆ್ಯಪಲ್ ಅದನ್ನು 11.2.6ರಲ್ಲಿ ಸರಿಪಡಿಸಿತು. ಕ್ರ್ಯಾಶ್ ಮಾಡಿದ ಅಕ್ಷರವನ್ನು ಟ್ರ್ಯಾಕರಿನಲ್ಲಿ ಇದ್ದ ಹಾಗೇ ಅಂಟಿಸುವುದು ಬೇಡ.
- ವರದಿಯನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಫಾರ್ವರ್ಡ್ ಮಾಡಬಾರದು.
- ಓದುವವರಿಲ್ಲದ ವರದಿಗಳ ಸಂಗ್ರಹ ಮಾಡಬಾರದು.

ಮಾಹಿತಿ ಸೋರಿದರೆ, ಇದೇ ಕ್ರಮದಲ್ಲಿ

1. ಟೋಕನ್ ರದ್ದು ಮಾಡಿ.
2. ವರದಿ ದಾಟಿಸುವುದನ್ನು ಸರ್ವರಿನಲ್ಲೇ ನಿಲ್ಲಿಸಿ.
3. ಯಾರ ಯಾವ ಮಾಹಿತಿ ಹೋಯಿತು, ಪಟ್ಟಿ ಮಾಡಿ.
4. ಇಶ್ಯೂ ತಿದ್ದುತ್ತ ಕೂರದೆ ಪೂರ್ತಿ ಅಳಿಸಿ.
5. ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಿ; ಸಂಸ್ಥೆಗಳಿಗೆ ಇದು 2022ರ ಏಪ್ರಿಲ್ 28ರ ನಿರ್ದೇಶನ.
6. ಮಾಹಿತಿ ಕಳೆದುಕೊಂಡ ಪ್ರತಿಯೊಬ್ಬರಿಗೂ ಫೋನ್ ಮಾಡಿ ಕನ್ನಡದಲ್ಲಿ ಹೇಳಿ.
7. ಖಾತೆಯಿಂದ ದುಡ್ಡು ಹೋಗಿದ್ದರೆ ಅವರಿಂದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.
8. ಸೋರಿದ್ದನ್ನು ಮುಚ್ಚಿಡುವುದು ಬೇಡ.