ಔಷಧದ ಬೆಲೆ ಏರಿದರೆ ಲಾಭ ಯಾರಿಗೆ?

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಜನವರಿ ಬಂತೆಂದರೆ ಖರ್ಚಿನ ಲೆಕ್ಕವೇ ಬದಲಾಗುತ್ತಿತ್ತು. ಯಜಮಾನರಿಗೆ ಇನ್ಸುಲಿನ್ ಬೇಕೇ ಬೇಕು. ಹೊಸ ವರ್ಷಕ್ಕೆ ಇನ್ಶೂರೆನ್ಸಿನ ಡಿಡಕ್ಟಿಬಲ್ ಮತ್ತೆ ಮೊದಲಿಂದ ಶುರು. ಅದು ಮುಗಿಯುವ ತನಕ ದುಡ್ಡು ನಮ್ಮದೇ.

ಆ ದುಡ್ಡನ್ನು ಯಾವ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ ಅನ್ನುವುದರಲ್ಲೇ ಎಲ್ಲ ಇದೆ. ಔಷಧ ಕಂಪನಿಗೂ ಇನ್ಶೂರೆನ್ಸಿಗೂ ನಡುವೆ ಪಿಬಿಎಂ (ಫಾರ್ಮಸಿ ಬೆನಿಫಿಟ್ ಮ್ಯಾನೇಜರ್) ಎಂಬ ಮಧ್ಯವರ್ತಿಗಳಿದ್ದಾರೆ. ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್‌ಆರ್‌ಎಕ್ಸ್, ಈ ಮೂರರ ಕೈಯಲ್ಲೇ ಅಮೆರಿಕದ ಸುಮಾರು ಶೇ 80ರಷ್ಟು ಪ್ರಿಸ್ಕ್ರಿಪ್ಷನ್‌ಗಳಿವೆ. ಯಾವ ಔಷಧಕ್ಕೆ ವಿಮೆಯ ಪಟ್ಟಿಯಲ್ಲಿ ಜಾಗ ಎಂದು ತೀರ್ಮಾನಿಸುವವರು ಇವರೇ. ಜಾಗ ಬೇಕಾದ ಕಂಪನಿ ರಿಬೇಟ್ ಕೊಡುತ್ತದೆ. ಕಂಪನಿ ಘೋಷಿಸಿದ ಬೆಲೆ ಹೆಚ್ಚಿದ್ದಷ್ಟೂ ರಿಬೇಟ್ ದೊಡ್ಡದು, ಅದರಲ್ಲಿ ಮಧ್ಯವರ್ತಿಗೂ ಪಾಲು. ಮಂಡಿಯಲ್ಲಿ ಬೆಲೆ ಏರಿದರೆ ದಲ್ಲಾಳಿಯ ಜೊತೆಗೆ ರೈತನಿಗೂ ನಾಲ್ಕು ಕಾಸು ಸಿಗುತ್ತದೆ. ಇಲ್ಲಿ ರೋಗಿಗೆ ಸಿಗುವುದು ಬಿಲ್ಲು ಮಾತ್ರ. ಡಿಡಕ್ಟಿಬಲ್ ಮುಗಿಯದವರು ತೆರುವುದು ಹೆಚ್ಚಾಗಿ ರಿಬೇಟ್ ಕಳೆಯುವ ಮೊದಲಿನ ಬೆಲೆ.

ರಿಬೇಟಿನ ಬಹುಪಾಲನ್ನು ವಿಮೆಗೇ ದಾಟಿಸುತ್ತೇವೆ, ಅದರಿಂದ ಪ್ರೀಮಿಯಂ ಇಳಿಯುತ್ತದೆ ಎಂದು ಪಿಬಿಎಂಗಳು ಹೇಳುತ್ತವೆ. ಇರಬಹುದು. ಆದರೆ ಕಾಯಿಲೆ ಇದ್ದವರಿಂದ ವಸೂಲಿ ಮಾಡಿ ಆರೋಗ್ಯವಂತರ ಪ್ರೀಮಿಯಂ ಇಳಿಸುವುದನ್ನು ವಿಮೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಎಲಿ ಲಿಲ್ಲಿ ಕಂಪನಿಯ ಹ್ಯೂಮಲಾಗ್ ಇನ್ಸುಲಿನ್ 1996ರಲ್ಲಿ ಬಾಟಲಿಗೆ 21 ಡಾಲರ್ ಇದ್ದದ್ದು 274.70ಕ್ಕೆ ಏರಿತ್ತು. 2023ರಲ್ಲಿ ಕಂಪನಿಯೇ ಶೇ 70ಕ್ಕೂ ಹೆಚ್ಚು ಇಳಿಸಿ 66.40 ಮಾಡಿತು. ಔಷಧ ಅದೇ. 2024ರ ಸೆಪ್ಟೆಂಬರಿನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇನ್ಸುಲಿನ್ ಬೆಲೆಯ ವಿಷಯದಲ್ಲೇ ಮೂರೂ ಪಿಬಿಎಂಗಳ ಮೇಲೆ ಮೊಕದ್ದಮೆ ಹೂಡಿತು. ಆದರೂ ಒಂದೊಂದು ಔಷಧದ ಹಿಂದೆ ಓಡಿದರೆ ಸಾಲದು. ಪಿಬಿಎಂಗೆ ಕೆಲಸಕ್ಕೆ ತಕ್ಕ ನಿಗದಿತ ಶುಲ್ಕ ಕೊಡಲಿ, ಬೆಲೆಯ ಮೇಲಿನ ಶೇಕಡಾವಾರು ಪಾಲು ಪೂರ್ತಿ ನಿಲ್ಲಲಿ. ರಿಬೇಟ್ ಕೌಂಟರಿನಲ್ಲೇ ರೋಗಿಗೆ ಸಿಗಲಿ.

ಅಲ್ಲಿಯವರೆಗೆ ಫಾರ್ಮಸಿಯಲ್ಲಿ ಇನ್ಶೂರೆನ್ಸ್ ಬೆಲೆ, ನಗದು ಬೆಲೆ ಎರಡನ್ನೂ ಕೇಳಿ. ನನ್ನ ಬಿ.ಪಿ. ಮಾತ್ರೆಗೆ ಇನ್ಶೂರೆನ್ಸ್ ಕಾರ್ಡ್ ತೋರಿಸುವುದಕ್ಕಿಂತ ನೇರ ನಗದು ಕೊಟ್ಟರೇ ಅಗ್ಗ ಎಂದು ಫಾರ್ಮಸಿಸ್ಟ್ ಸ್ಕ್ರೀನ್ ತಿರುಗಿಸಿ ತೋರಿಸಿದರು. ಹೀಗೆ ಹೇಳದಂತೆ ಕರಾರಿನಲ್ಲಿ ಅವರ ಬಾಯಿ ಕಟ್ಟುವುದನ್ನು 2018ರ ಕಾನೂನು ತಡೆದಿದೆ. ಆದರೆ ನಗದು ಕೊಟ್ಟದ್ದು ಸಾಮಾನ್ಯವಾಗಿ ಡಿಡಕ್ಟಿಬಲ್ ಲೆಕ್ಕಕ್ಕೆ ಸೇರುವುದಿಲ್ಲ. ವರ್ಷವಿಡೀ ದುಬಾರಿ ಔಷಧ ಬೇಕಾದವರು ಹನ್ನೆರಡು ತಿಂಗಳ ಲೆಕ್ಕ ಹಾಕಿಯೇ ಕಾರ್ಡ್ ಬದಿಗಿಡಬೇಕು. ವಿಮೆ ಆರಿಸುವ ಸಮಯ ಬಂದಾಗ ಆಫೀಸಿನ ಎಚ್‌ಆರ್‌ಗೂ ಬರೆದು ಕೇಳಿ: ನಮ್ಮ ಪ್ಲಾನಿನಲ್ಲಿ ರಿಬೇಟ್ ಯಾರಿಗೆ ಹೋಗುತ್ತದೆ?